ಸೋರಿಯಾಸಿಸ್ ಇರುವವರ ಕತ್ತುನೋವು, ಬೆನ್ನುನೋವು
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹೊಲದಲ್ಲಿ ದುಡಿಯುವವರಿಗೆ ಬೆನ್ನುನೋವು ಹೊಸದಲ್ಲ. ನಾಟಿ ಮಾಡಿದ ದಿನ, ಮೂಟೆ ಹೊತ್ತ ದಿನ ಸೊಂಟ ಹಿಡಿಯುತ್ತದೆ. ಒಂದೆರಡು ದಿನ ವಿಶ್ರಾಂತಿ ಪಡೆದರೆ ಬಿಡುತ್ತದೆ. ಆದರೆ ಮಲಗಿದಷ್ಟೂ ಹೆಚ್ಚುವ ಬೆನ್ನುನೋವೂ ಒಂದಿದೆ. ಸೋರಿಯಾಸಿಸ್ ಇರುವವರು ಅದನ್ನು ಗುರುತಿಸಲು ಕಲಿಯಬೇಕು.

ಮೊಣಕೈ, ಮೊಣಕಾಲು, ತಲೆಯ ಚರ್ಮ ಕೆಂಪಾಗಿ ದಪ್ಪವಾಗಿ ಬಿಳಿಯ ಹೊಟ್ಟು ಏಳುವುದೇ ಸೋರಿಯಾಸಿಸ್. ಇದು ಅಂಟುರೋಗವಲ್ಲ. ದೇಹದ ರಕ್ಷಣಾ ಶಕ್ತಿ ದೇಹದ ಮೇಲೆಯೇ ತಿರುಗುವುದರಿಂದ ಬರುವ ಈ ರೋಗ ಕೆಲವರಲ್ಲಿ ಕೀಲುಗಳಿಗೂ ತಗಲುತ್ತದೆ. 1973ರಲ್ಲಿ ಇಂಗ್ಲೆಂಡಿನ ವೈದ್ಯರಾದ ಮೋಲ್ ಮತ್ತು ರೈಟ್ ಈ ಕೀಲುರೋಗವನ್ನು 5 ಬಗೆಯಾಗಿ ವಿಂಗಡಿಸಿದರು. ಬೆನ್ನುಮೂಳೆಯ ರೋಗ ಅವುಗಳಲ್ಲೊಂದು. ಬೆನ್ನುಮೂಳೆಗೆ ಮಾತ್ರ ರೋಗ ಬರುವುದು ಅಪರೂಪ. ಬೇರೆ ಕೀಲುಗಳ ಜೊತೆಗೆ ಬರುವುದು ಸಾಮಾನ್ಯ.

ಗುರುತಿಸುವುದು ಹೇಗೆ? ನೋವು ಸಾಮಾನ್ಯವಾಗಿ 40 ವರ್ಷದೊಳಗೆ ನಿಧಾನವಾಗಿ ಆರಂಭವಾಗಿ 3 ತಿಂಗಳು ಮೀರಿ ಉಳಿಯುತ್ತದೆ. ನಡುರಾತ್ರಿಯ ನಂತರ ಎಚ್ಚರವಾಗುತ್ತದೆ. ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಕಾಲ ಬೆನ್ನು ಮರಗಟ್ಟಿದಂತಿದ್ದು, ಓಡಾಡಿದ ಮೇಲೆ ಸಡಿಲವಾಗುತ್ತದೆ. ಒಂದೇ ಪಕ್ಕದ ಪೃಷ್ಠದಲ್ಲಿ ನೋವಿರಬಹುದು. ಕೆಲವರಿಗೆ ಸೊಂಟ ಚೆನ್ನಾಗಿದ್ದು ಕತ್ತು ಮಾತ್ರ ಹಿಡಿಯುತ್ತದೆ. ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುವಾಗ ತಿರುಗಿ ನೋಡಲಾಗದಿದ್ದರೆ ಉದಾಸೀನ ಮಾಡಬೇಡಿ. ಉಗುರಿನ ಮೇಲೆ ಸಣ್ಣ ಗುಳಿಗಳು, ಪೂರ್ತಿ ಊದಿದ ಒಂದು ಬೆರಳು, ಹಿಮ್ಮಡಿ ನೋವು ಸಹ ಇದರ ಸೂಚನೆಗಳು. ಸಂಧಿವಾತದ ರಕ್ತಪರೀಕ್ಷೆ ಸರಿಯಿದೆ ಎಂದ ಮಾತ್ರಕ್ಕೆ ಈ ರೋಗವಿಲ್ಲವೆಂದು ತಿಳಿಯಬಾರದು. ಆರಂಭದಲ್ಲಿ ಎಕ್ಸ್-ರೇಯಲ್ಲಿಯೂ ಕಾಣದಿರಬಹುದು.

ತಡಮಾಡಿದರೆ ಮೂಳೆಗಳ ನಡುವೆ ಹೊಸ ಮೂಳೆ ಬೆಳೆದು ಕತ್ತು, ಬೆನ್ನು ಬಾಗದಂತಾಗಬಹುದು. ಹಾಗೆ ಬೆಸೆದುಕೊಂಡದ್ದನ್ನು ಔಷಧಿಯಿಂದ ಬಿಡಿಸಲಾಗದು. ಆದ್ದರಿಂದ ಬೇಗ ಕೀಲುರೋಗ ತಜ್ಞರನ್ನು ಕಾಣಿರಿ. ಚರ್ಮರೋಗವಿರುವುದನ್ನು ಮರೆಯದೆ ತಿಳಿಸಿರಿ. ಮೊದಲಿಗೆ ಉರಿಯೂತ ತಗ್ಗಿಸುವ ಮಾತ್ರೆ ಮತ್ತು ವ್ಯಾಯಾಮ. ಕೈಕಾಲಿನ ಕೀಲುಗಳಿಗೆ ಕೊಡುವ ಮೆಥೊಟ್ರೆಕ್ಸೇಟ್ ಬೆನ್ನುಮೂಳೆಗೆ ಅಷ್ಟಾಗಿ ಫಲಿಸದು. ಅಗತ್ಯವಾದರೆ ಜೈವಿಕ ಚುಚ್ಚುಮದ್ದುಗಳಿವೆ. ಅವನ್ನು ಕೊಡುವ ಮೊದಲು ಕ್ಷಯರೋಗದ ಪರೀಕ್ಷೆ ಆಗಲೇಬೇಕು.

ಕೆಲವು ಎಚ್ಚರಿಕೆಗಳು:

1. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಕೆ ತೆಗೆಸಬೇಡಿ.
2. ಕತ್ತುನೋವಿರುವಾಗ ತಲೆಹೊರೆ ಹೊರಬೇಡಿ.
3. ಸ್ಟೀರಾಯ್ಡ್ ಮಾತ್ರೆಯನ್ನು ಸ್ವಂತವಾಗಿ ತೆಗೆದುಕೊಳ್ಳಬೇಡಿ. ಥಟ್ಟನೆ ನಿಲ್ಲಿಸಿದರೆ ಸೋರಿಯಾಸಿಸ್ ಮೈತುಂಬ ಉಲ್ಬಣಿಸಬಹುದು.
4. ಬೀಡಿ, ಸಿಗರೇಟು ಬಿಡಿ.
5. ಕೈಕಾಲು ಜೋಮುಗಟ್ಟಿದರೆ, ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿರಿ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ಹಳ್ಳಿಯಲ್ಲಿ ಸೋರಿಯಾಸಿಸ್ ಇರುವವರನ್ನು ಕಂಡಾಗ, "ಬೆಳಿಗ್ಗೆ ಎದ್ದಾಗ ಬೆನ್ನು ಹೇಗಿರುತ್ತದೆ?" ಎಂದು ವಿಚಾರಿಸಿರಿ. ಅನೇಕರು ಚರ್ಮಕ್ಕೂ ಬೆನ್ನಿಗೂ ಸಂಬಂಧವಿದೆಯೆಂದು ಯೋಚಿಸಿರುವುದೇ ಇಲ್ಲ.