ತುಳಿದವರು ಯಾರು ಎಂದು ಕೇಳುವ ಪದ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಮೊನ್ನೆ ಹಾಸ್ಟೆಲಿನಲ್ಲಿ ಕೂತಿದ್ದಾಗ ಪಿಯುಸಿ ಓದುವ ತಮ್ಮನೊಬ್ಬ ಕೇಳಿದ: "ಅಣ್ಣಾ, ನಿಘಂಟು ನೋಡ್ದೆ. ದಲಿತ ಅಂದ್ರೆ ತುಳಿಯಲ್ಪಟ್ಟವನು, ಸೀಳಲ್ಪಟ್ಟವನು ಅಂತ ಐತೆ. ನಮ್ಮನ್ನ ನಾವೇ ಯಾಕೆ ಹಂಗೆ ಕರ್ಕೋಬೇಕು?" ಪಕ್ಕದಲ್ಲಿದ್ದವನು, "ಅದು ಸಂಸ್ಕೃತ ಅಲ್ಲ ಕಣೋ, ಹೀಬ್ರೂ. ಬೈಬಲ್ಲಿನಲ್ಲೇ ಐತಂತೆ" ಅಂದ. ಇವರಿಬ್ಬರ ಮಾತನ್ನೂ ಇವತ್ತು ಬಿಡಿಸಿ ನೋಡೋಣ.

ಸಂಸ್ಕೃತದಲ್ಲಿ 'ದಲ್' ಅನ್ನೋ ಧಾತುವಿಗೆ ಒಡೆ, ಸೀಳು, ಬಿರಿ ಎಂಬ ಅರ್ಥಗಳಿವೆ. ಬಿರಿದ ಹೂವಿನ ಎಸಳು ದಳ. ಪಡೆಯ ಒಂದು ತುಕಡಿಯೂ ದಳ. ಕಾಳನ್ನು ಬೀಸುಕಲ್ಲಿಗೆ ಹಾಕಿ ಒಡೆದರೆ ಹಿಂದಿಯವರ ದಾಲ್, ನಮ್ಮ ಬೇಳೆ. ಹಾಸ್ಟೆಲಿನ ಸಾರಿನಲ್ಲಿ ನಾವು ದಿನಾ ಹುಡುಕುವುದು ಇದನ್ನೇ! ಅದೇ ಬೇರಿನಿಂದ ಬಂದದ್ದು 'ದಲಿತ'. ತುಳಸೀದಳಕ್ಕೆ ಗರ್ಭಗುಡಿಯೊಳಗೆ ಜಾಗ. ಅದರ ಒಡಹುಟ್ಟಾದ ದಲಿತನಿಗೆ ಬಾಗಿಲಾಚೆ.

ಇನ್ನು ಹೀಬ್ರೂ. ಆ ಭಾಷೆಯಲ್ಲೂ 'ದಲ್' ಅನ್ನೋ ಪದವಿದೆ, ನಿಜ. ಬಡವ, ಬಲಹೀನ, ಕೆಳಗಾದವನು ಎಂದು ಅದರ ಅರ್ಥ. ಆಮೋಸ ಎಂಬ ಕುರಿಗಾಹಿ ಪ್ರವಾದಿ, ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ, ಇಂಥ ಬಡವರನ್ನು ಹಿಂಡುವ ಸಿರಿವಂತರನ್ನು ಬೈಯುವಾಗ ಇದೇ ಪದ ಬಳಸಿದ್ದಾನೆ. ನಮ್ಮ ದೇಶದ ಕೆಲವು ದಲಿತ ಕ್ರೈಸ್ತ ಚಿಂತಕರು ಎರಡು ಪದಗಳನ್ನೂ ಜೊತೆಗಿಟ್ಟು ನೋಡಿದ್ದಾರೆ. ಹಾಗೆ ನೋಡಿದರೆ ಎದೆ ಝುಮ್ಮೆನ್ನುತ್ತದೆ. ಆದರೆ ಹೀಬ್ರೂ ಬೇರೆ ಭಾಷಾಕುಟುಂಬ, ಸಂಸ್ಕೃತ ಬೇರೆ. ದನಿ ಒಂದೇ ಆದ ಮಾತ್ರಕ್ಕೆ ನೆಂಟಸ್ತನ ಆಗುವುದಿಲ್ಲ.

ಯಾಕೆಂದರೆ ಈ ಸಣ್ಣ ದನಿ ಇನ್ನೂ ಎಷ್ಟೋ ಕಡೆ ಇದೆ. ತುರ್ಕಿಯವರಿಗೆ 'ದಲ್' ಅಂದರೆ ಮರದ ಕೊಂಬೆ. ರಷ್ಯನ್ನರಿಗೆ ದೂರ. ಸ್ವೀಡನ್ನಿನವರಿಗೂ ಡಚ್ಚರಿಗೂ ಕಣಿವೆ. ಜರ್ಮನ್ನಿನಲ್ಲಿ ಅದೇ ಕಣಿವೆ 'ತಾಲ್' ಆಗಿದೆ. 16ನೇ ಶತಮಾನದಲ್ಲಿ ಬೊಹೀಮಿಯಾದ ಯೋಆಖಿಮ್ಸ್‌ತಾಲ್ ಕಣಿವೆಯ ಬೆಳ್ಳಿಯಲ್ಲಿ ನಾಣ್ಯ ಹೊಡೆದರು. ಕಣಿವೆಯ ಹೆಸರಿಂದ ಅದು 'ತಾಲರ್' ಆಯಿತು. ಆ ತಾಲರೇ ಮುಂದೆ ಡಾಲರ್. ತಗ್ಗಿನಲ್ಲಿ ಹುಟ್ಟಿದ ಹೆಸರು ಇವತ್ತು ಜಗತ್ತನ್ನೇ ಆಳುತ್ತಿದೆ. ಡಾಲರಿನ ಕುಲ ಯಾರಾದರೂ ಕೇಳುತ್ತಾರಾ?

ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟಬೇಡಿ ಅನ್ನುವ ನಾವು ಪದಕ್ಕೆ ಮಾತ್ರ ಕುಲ ಹುಡುಕುವುದು ಯಾಕೆ? ಹೀಬ್ರೂವಿನಿಂದ ಬಂತು ಅಂದರೆ ದೊಡ್ಡದೂ ಆಗಲ್ಲ, ಸಂಸ್ಕೃತದ್ದು ಅಂದರೆ ಮೈಲಿಗೆಯೂ ಆಗಲ್ಲ. ಅದು ಏನು ಕೆಲಸ ಮಾಡುತ್ತದೆ, ಅದನ್ನು ಕೇಳಬೇಕು.

ಆ ತಮ್ಮನಿಗೆ ನಮ್ಮ ಉತ್ತರ ಇಲ್ಲಿದೆ. ಬೇರೆ ಹೆಸರುಗಳನ್ನೂ ಹೀಗೇ ಬಿಡಿಸಿ ನೋಡಿ. 'ಅಸ್ಪೃಶ್ಯ' ಅಂದರೆ ಮುಟ್ಟಬಾರದವನು. ಅದೊಂದು ಅಪ್ಪಣೆ, ದೋಷ ನಮ್ಮ ಮೈಯಲ್ಲೇ ಇದೆ ಅನ್ನುತ್ತದೆ. ಗಾಂಧೀಜಿ ಬಳಕೆಗೆ ತಂದ 'ಹರಿಜನ' ನಮ್ಮನ್ನು ದೇವರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತದೆ. 'ದಲಿತ' ಅಂದರೆ ತುಳಿಯಲ್ಪಟ್ಟವನು. ಇದರಲ್ಲಿ ನಡೆದುಹೋದ ಒಂದು ಕೃತ್ಯ ಇದೆ. ಕೃತ್ಯ ಇದ್ದ ಮೇಲೆ ಮಾಡಿದವನೂ ಇರಲೇಬೇಕು. ಪದ ಬಾಯಿಗೆ ಬಂದ ಕೂಡಲೇ 'ತುಳಿದವರು ಯಾರು?' ಅನ್ನೋ ಪ್ರಶ್ನೆ ಏಳುತ್ತದೆ. ನಾಚಬೇಕಾದವರು ತುಳಿದವರು, ನಾವಲ್ಲ.

ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ನಮ್ಮ ಪೂರ್ವಿಕರನ್ನು ಒಡೆದುಹೋದ ಜನ ಎಂದು ಕರೆದರು. 1972ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್, 1973ರ ತಮ್ಮ ಪ್ರಣಾಳಿಕೆಯಲ್ಲಿ ಭೂಹೀನರು, ಕೂಲಿಕಾರರು, ಆದಿವಾಸಿಗಳು, ಹೆಂಗಸರು ಎಲ್ಲರನ್ನೂ ಈ ಪದದೊಳಗೆ ಕರೆದುಕೊಂಡರು. ಒಡೆದದ್ದು ಎಂಬ ಅರ್ಥದ ಪದವೇ ಒಗ್ಗೂಡಿಸುವ ಪದವಾಯಿತು. ಯಾವ ಧಾತುಪಾಠವೂ ಇದನ್ನು ಮಾಡಲಿಲ್ಲ, ಜನ ಮಾಡಿದರು.

2018ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ಟಿವಿ ಚಾನೆಲುಗಳಿಗೆ 'ದಲಿತ' ಪದ ಬಿಡಿ, 'ಪರಿಶಿಷ್ಟ ಜಾತಿ' ಅನ್ನಿ ಎಂದು ಸಲಹೆ ಕೊಟ್ಟಿತು. ಅರ್ಜಿಯಲ್ಲಿ, ಸರ್ಟಿಫಿಕೇಟಿನಲ್ಲಿ 'ಪರಿಶಿಷ್ಟ ಜಾತಿ' ಎಂದೇ ಬರೆಯೋಣ. ಅದು ನಮ್ಮ ಹಕ್ಕಿನ ಪದ. ಆದರೆ ಪಟ್ಟಿಗೆ ಸೇರಿದವರು ಎಂದಷ್ಟೇ ಹೇಳುವ ಆ ಪದ, ಪಟ್ಟಿ ಯಾಕೆ ಬೇಕಾಯಿತು ಅಂತ ಕೇಳುವುದಿಲ್ಲ. ಅದನ್ನು ಕೇಳುವ ಪದವನ್ನು ನಾವು ಬಿಡಬಾರದು.

ಒಂದು ದಿನ ತುಳಿಯುವವರೇ ಇಲ್ಲವಾದರೆ ಈ ಪದವನ್ನು ನಾವೇ ಸಂತೋಷದಿಂದ ನಿಘಂಟಿಗೆ ಬಿಟ್ಟುಕೊಡೋಣ. ಅಲ್ಲಿತನಕ, ತಮ್ಮಾ, ತಲೆ ಎತ್ತಿ ಹೇಳು. ಯಾರಾದರೂ ಅರ್ಥ ಕೇಳಿದರೆ, ಅರ್ಥದ ಜೊತೆಗೆ ಆ ಪ್ರಶ್ನೆಯನ್ನೂ ಕೇಳು.

ಜೈ ಭೀಮ್.