ಆಲದ ಮರದ ನೆರೆಯವರು

ನಮ್ಮ ರಾಯಲ್ಪಾಡಿನ ಸುತ್ತ ಮಾವಿನ ತೋಪುಗಳು ಹೆಚ್ಚು. 2018ರಲ್ಲಿ ಕೇರಳದ ಕೋಳಿಕ್ಕೋಡಿನಿಂದ ನಿಪಾ ಜ್ವರದ ಸುದ್ದಿ ಬಂದಾಗ, ಬಾವಲಿಗಳು ತೂಗುವ ಆಲದ ಮರವನ್ನು ಕಡಿಸಬೇಕೆಂದು ನೆರೆಯವರೊಬ್ಬರು ಹೇಳಿದರು. ನಾನೂ ತಲೆಯಾಡಿಸಿದೆನೆಂಬುದನ್ನು ಕೇಳುಗರ ಮುಂದೆ ಒಪ್ಪಿಕೊಳ್ಳಬೇಕು.

ಆ ರೋಗದ ಮೊದಲ ಕಥೆಯೂ ಮಾವಿನ ಮರದ ಕೆಳಗಿನದೇ ಎಂಬುದು ಆಮೇಲೆ ತಿಳಿಯಿತು. 1998-99ರಲ್ಲಿ ಅದು ತಲೆದೋರಿದ ಮಲೇಷ್ಯಾದಲ್ಲಿ, ಹಂದಿದೊಡ್ಡಿಗಳ ಪಕ್ಕದಲ್ಲೇ ಮಾವನ್ನು ಬೆಳೆದಿದ್ದರು. ಬಾವಲಿ ಕಚ್ಚಿ ಬೀಳಿಸಿದ ಹಣ್ಣಿನಿಂದ ಹಂದಿಗೂ ಹಂದಿಯಿಂದ ಮನುಷ್ಯನಿಗೂ ಸೋಂಕು ದಾಟಿತೆಂದು ವಿಜ್ಞಾನಿಗಳು ತರ್ಕಿಸಿದರು. ಬಾವಲಿ ಹಣ್ಣನ್ನರಸಿ ಬಂದಿತ್ತು. ಹಣ್ಣನ್ನೂ ಹಂದಿಯನ್ನೂ ಒಂದೆಡೆ ಕೂಡಿಸಿದವನು ಮನುಷ್ಯ.

ನಮ್ಮ ನಾಡಿನಲ್ಲಿಯೂ 1957ರಲ್ಲಿ, ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರೂ ಸತ್ತರು. ರೋಗಕ್ಕೆ ಮಂಗನ ಹೆಸರನ್ನಿಟ್ಟೆವು. ಅದನ್ನು ಹರಡಿದ್ದು ಉಣುಗು. ಮಂಗವೂ ನಮ್ಮಂತೆಯೇ ಅದಕ್ಕೆ ಬಲಿಯಾಗಿತ್ತು.

ನಾವು ಮರವನ್ನು ಕಡಿಸಲಿಲ್ಲ. ಕಡಿದರೆ ಬಾವಲಿಗಳು ಇನ್ನೊಂದು ಊರಿನ ಮರವನ್ನು ಸೇರುವುವು, ಅಷ್ಟೆ. ಕಚ್ಚಿದ ಹಣ್ಣನ್ನು ತಿನ್ನಬಾರದೆಂದು ಮಕ್ಕಳಿಗೆ ಹೇಳಿಕೊಟ್ಟೆವು. ಸಂಜೆ ಅವು ಗುಂಪಾಗಿ ಹಾರುವಾಗ ನನಗೆ ಈಗಲೂ ತುಸು ಅಂಜಿಕೆಯಾಗುತ್ತದೆ. ಆ ಅಂಜಿಕೆಯನ್ನಿಟ್ಟುಕೊಂಡೇ ನೆರೆಯವನಾಗಿ ಬಾಳುವುದನ್ನು ಕಲಿಯುತ್ತಿದ್ದೇನೆ.