ಗೌಡರ ಹೊಲ, ಊರಿನ ಓಟು



ಗುಲ್ಬರ್ಗಾ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಚುನಾವಣೆ ಬಂತೆಂದರೆ ಚಹಾದಂಗಡಿಯಲ್ಲಿ ‘ಯಾರು ನಿಂತಾರ?’ ಅಂತ ಕೇಳುತ್ತಾರೆ. ಅದರ ಬೆನ್ನಿಗೇ ‘ಗೌಡ್ರು ಯಾರ ಕಡಿ ಅದಾರ?’ ಅಂತಲೂ ಕೇಳುತ್ತಾರೆ. ಈ ಎರಡನೆಯ ಪ್ರಶ್ನೆ ಎಲ್ಲಿಂದ ಹುಟ್ಟಿತು, ಇಷ್ಟು ವರ್ಷ ಹೇಗೆ ಬಾಳಿತು ಎಂಬುದೇ ಇವತ್ತಿನ ಮಾತು.

ಈ ಸೀಮೆ ಮೊದಲು ಹೈದರಾಬಾದ್ ನಿಜಾಮರದು. ಅವರ ಕಾಲದಲ್ಲಿ ರಾಜ್ಯದ ಭೂಮಿಯೆಲ್ಲ ಸರಕಾರದ್ದೇ ಆಗಿರಲಿಲ್ಲ. ನಿಜಾಮರ ಸ್ವಂತ ಖರ್ಚಿಗೆಂದು ಸರ್ಫ್-ಎ-ಖಾಸ್, ಸರಕಾರದ ಆಡಳಿತಕ್ಕೆ ದಿವಾನಿ ಸೀಮೆ, ದೊಡ್ಡ ಮನೆತನಗಳಿಗೆ ಪಾಯಗಾ ಮತ್ತು ಜಹಗೀರು ಎಂದು ಹಂಚಿಹೋಗಿತ್ತು. ದಿವಾನಿ ಸೀಮೆಯಲ್ಲಿ ಕಂದಾಯ ಎತ್ತುವ ಕೆಲಸ ಬಹುಕಾಲ ದೇಶಮುಖ, ದೇಶಪಾಂಡೆಗಳ ಕೈಯಲ್ಲಿತ್ತು. 1853ರಲ್ಲಿ ದಿವಾನರಾದ ಸಾಲಾರ್ ಜಂಗ್, 1860ರ ದಶಕದಲ್ಲಿ ಜಿಲ್ಲಾಬಂದಿ ಮಾಡಿ, ತಹಶೀಲ್ದಾರರನ್ನು ಕೂಡಿಸಿ, ಆ ಕೆಲಸವನ್ನು ದೇಶಮುಖ, ದೇಶಪಾಂಡೆಗಳಿಂದ ಕಿತ್ತುಕೊಂಡರು. ಬದಲಿಗೆ ವರ್ಷಕ್ಕಿಷ್ಟು ಎಂದು ರುಸುಮು ಕೊಟ್ಟರು. ಕೆಲಸ ಹೋದರೂ ಜಮೀನು ಹೋಗಲಿಲ್ಲ. ಮುಂದೆ ಭೂಮಾಪನ ಬಂದಾಗ ಒಳ್ಳೆ ಎರೆಹೊಲಗಳ ಪಟ್ಟಾ ಹೆಚ್ಚಾಗಿ ಇಂಥ ಮನೆತನಗಳ ಹೆಸರಿಗೇ ಬಿದ್ದಿತು. ಊರೊಳಗೆ ಮಾಲಿಪಾಟೀಲ ಕಂದಾಯ ನೋಡಿದ, ಪೊಲೀಸ್ ಪಾಟೀಲ ಬಂದೋಬಸ್ತು ನೋಡಿದ, ಕುಲಕರ್ಣಿ ಲೆಕ್ಕ ಬರೆದ. ಮೂರೂ ವಂಶದ ವತನ. ಒಬ್ಬ ಕೂಲಿಯವನಿಗೆ ಸರಕಾರ ಎಂದರೆ ಈ ಮೂರು ಮನೆಗಳ ಕಟ್ಟೆ, ಅಷ್ಟೇ.

1939ರಲ್ಲಿ ನಿಜಾಮ ಸರಕಾರ, ಅರವಮುದು ಅಯ್ಯಂಗಾರ್ ಸಮಿತಿಯ ವರದಿಯ ಮೇಲೆ, ಶಾಸನಸಭೆಯ ಸುಧಾರಣೆ ಘೋಷಿಸಿತು. ಅದರ ಬಗೆಯೇ ಬೇರೆ. ಊರು, ತಾಲೂಕುಗಳ ಬದಲು ಕಸುಬು, ಹಿತಾಸಕ್ತಿಗಳಿಗೆ ಪ್ರಾತಿನಿಧ್ಯ. ಜಹಗೀರುದಾರರಿಗೆ ಬೇರೆ ಸ್ಥಾನ, ಪಟ್ಟಾದಾರರಿಗೆ ಬೇರೆ, ಗೇಣಿದಾರರಿಗೆ ಬೇರೆ, ವಕೀಲರಿಗೆ ಬೇರೆ. ಹೊಲ ಇದ್ದವನು ಹೊಲದ ಲೆಕ್ಕದಲ್ಲೇ ಸಭೆಗೆ ಬರಲಿ ಎಂಬ ಏರ್ಪಾಡು. ಸುಧಾರಣೆ ಬೇಡುವವರಿಗೆ ಅದು ಸಾಲಲಿಲ್ಲ, ಆಳುವವರಿಗೆ ಅಷ್ಟೂ ಜಾಸ್ತಿ ಎನಿಸಿತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಎಲ್ಲ ಬಿರುಸಾಗಿ ಬದಲಾಯಿತು. 1949ರ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು. 1950ರಲ್ಲಿ ಗೇಣಿ ಕಾಯಿದೆ ಬಂತು. 1952ರಲ್ಲಿ ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಿಗೆ ಮೊದಲ ಸಾರ್ವತ್ರಿಕ ಚುನಾವಣೆ. ಆ ಚುನಾವಣೆಯಲ್ಲಿ ಹುರಿಯಾಳಿಗೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ. ಪರದೆಯ ಹಿಂದೆ ಹೋಗಿ, ಬೇಕಾದ ಚಿಹ್ನೆಯ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. ಕಾಂಗ್ರೆಸ್ಸಿನದು ಜೋಡೆತ್ತು. ಗೌಡರಿಗೂ ಒಂದೇ ಚೀಟಿ, ಅವರ ಮನೆಯ ಜೀತದಾಳಿಗೂ ಒಂದೇ ಚೀಟಿ. ಕಾಯಿದೆಯ ಮಟ್ಟಿಗೆ ಇದು ಒಂದೇ ದಿನದಲ್ಲಿ ಆದ ಕ್ರಾಂತಿ.

ಇದರ ಬೆಲೆ ತಿಳಿಯಬೇಕಾದರೆ ಪಾರ್ಲಿಮೆಂಟುಗಳ ತಾಯಿ ಎನಿಸಿಕೊಂಡ ಇಂಗ್ಲೆಂಡಿನ ಕಡೆ ಒಮ್ಮೆ ನೋಡಬೇಕು. ಅಲ್ಲಿ 1430ರ ಕಾಯಿದೆಯ ಪ್ರಕಾರ, ವರ್ಷಕ್ಕೆ 40 ಷಿಲಿಂಗ್ ಉತ್ಪನ್ನದ ಸ್ವಂತ ಜಮೀನು ಇದ್ದವನಿಗೆ ಮಾತ್ರ ಜಿಲ್ಲೆಯ ಪ್ರತಿನಿಧಿಯನ್ನು ಆರಿಸುವ ಹಕ್ಕು. ಆ 40 ಷಿಲಿಂಗಿನ ಗೆರೆ ನಾನೂರು ವರ್ಷ ಅಳಿಸಲಿಲ್ಲ. ಓಟು ಕೂಡ ಎಲ್ಲರೆದುರು, ಬಾಯಿಬಿಟ್ಟು ಹೇಳುವುದು. ನಾರ್ಫೋಕ್ ಎಂಬ ಜಿಲ್ಲೆಯಲ್ಲಿ ಪಾಸ್ಟನ್ ಎಂಬ ಮನೆತನವಿತ್ತು. ಅಜ್ಜ ಸಾಧಾರಣ ರೈತ, ಅವನ ಮಗ ನ್ಯಾಯಾಧೀಶ, ಮೊಮ್ಮಗ ಜಾನ್ ಪಾಸ್ಟನ್ ದೊಡ್ಡ ಜಮೀನುದಾರ. 1455ರಲ್ಲಿ ನಾರ್ಫೋಕಿನ ಡ್ಯೂಕನ ಹೆಂಡತಿ ಈ ಜಾನ್‌ಗೆ ಕಾಗದ ಬರೆದಳು: ನಮ್ಮ ಯಜಮಾನರ ಕಡೆಯವರಿಬ್ಬರಿಗೆ ನಿನ್ನ ಬೆಂಬಲ ಬೇಕು. ಅವರಲ್ಲೊಬ್ಬ ಜಾನ್ ಹೊವಾರ್ಡ್. ಆರು ವರ್ಷದ ನಂತರ ಅದೇ ಹೊವಾರ್ಡ್ ಚುನಾವಣೆ ನಡೆಸುವ ಷೆರಿಫ್ ಆಗಿ ಬಂದ. ಪಾಸ್ಟನ್ ಸ್ವತಃ ಹುರಿಯಾಳು. ತಂಟೆಯಾಯಿತು, ಹೊವಾರ್ಡ್‌ನ ಆಳೊಬ್ಬ ಪಾಸ್ಟನ್‌ಗೆ ಕಠಾರಿಯಿಂದ ಎರಡು ಸಲ ಇರಿದ. ತೊಟ್ಟಿದ್ದ ದಪ್ಪ ಅಂಗಿಯಿಂದ ಜೀವ ಉಳಿಯಿತು. ಇವೆಲ್ಲ ನಮಗೆ ಗೊತ್ತಿರುವುದು ಆ ಮನೆಯವರು ಕಾಗದಗಳನ್ನು ಕಾದಿಟ್ಟುಕೊಂಡದ್ದರಿಂದ.

ನಮ್ಮ ಕಡೆ ಓಟು ಗುಟ್ಟಿನದು, ಕಠಾರಿಯೂ ಬೇಕಾಗಲಿಲ್ಲ. ಬಿತ್ತನೆಯ ಬೀಜ, ಮದುವೆಯ ಸಾಲ, ಬರಗಾಲದ ಜೋಳ ಎಲ್ಲ ಗೌಡರ ವಾಡೆಯಿಂದಲೇ ಬರಬೇಕಾದಾಗ ಪರದೆಯ ಹಿಂದೆ ಹೋದವನ ಕೈ ಎಷ್ಟು ಸ್ವತಂತ್ರ? ಸೇಡಂ ಸೀಮೆಯ ಮನೆತನಗಳ ಬೀಗತನ ತಾಂಡೂರು, ಕೊಡಂಗಲ್ಲಿನವರೆಗೆ ಹಬ್ಬಿತ್ತು. 1956ರಲ್ಲಿ ಆ ಎರಡು ತಾಲೂಕುಗಳು ಗುಲ್ಬರ್ಗಾದಿಂದ ಬೇರ್ಪಟ್ಟು ಆಂಧ್ರಕ್ಕೆ ಹೋದವು. ಗಡಿ ಬಿತ್ತು, ಬೀಗತನ ಬಿಡಲಿಲ್ಲ. 1963ರಲ್ಲಿ ಪಾಟೀಲ, ಕುಲಕರ್ಣಿ ವತನಗಳೂ ರದ್ದಾದವು. ಆದರೂ ಗೆದ್ದವರ ಪಟ್ಟಿಯಲ್ಲಿ ಪಾಟೀಲ, ರೆಡ್ಡಿ, ದೇಶಮುಖ ಎಂಬ ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ.

ಚಿಂಚೋಳಿಯಿಂದ ಬಂದವರು ವೀರೇಂದ್ರ ಪಾಟೀಲರು. ವೃತ್ತಿಯಿಂದ ವಕೀಲರು. 1968ರಲ್ಲಿ ಮುಖ್ಯಮಂತ್ರಿ, 1989ರಲ್ಲಿ ಮತ್ತೊಮ್ಮೆ. ನಡುವೆ 1978ರಲ್ಲಿ ಚಿಕ್ಕಮಗಳೂರಿಗೆ ಹೋಗಿ ಇಂದಿರಾ ಗಾಂಧಿಯವರೆದುರು ಸೋತದ್ದೂ ಉಂಟು. ಅದೇ ಚಿಂಚೋಳಿಯಲ್ಲಿ ಜನತಾ ದಳದ ವೈಜನಾಥ ಪಾಟೀಲರು ಇನ್ನೊಂದು ದಾರಿ ಹಿಡಿದರು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಕಲಮಿಗಾಗಿ ಅವರು ನಡೆಸಿದ ಹೋರಾಟವನ್ನು ಇಲ್ಲಿನ ಜನ ಮರೆತಿಲ್ಲ.

ಶಹಾಬಾದ್, ವಾಡಿಗಳ ಕತೆ ಬೇರೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿತು. ಶಹಾಬಾದಿನಲ್ಲಿ ಮೊದಲು ಪರಸಿ ಕಲ್ಲು, ಆಮೇಲೆ 1920ರ ದಶಕದಲ್ಲಿ ಸಿಮೆಂಟ್ ಕಾರ್ಖಾನೆ. 1960ರ ದಶಕದಲ್ಲಿ ವಾಡಿಯಲ್ಲೂ ಎಸಿಸಿ ಕಂಪನಿಯ ಸಿಮೆಂಟ್ ಕಾರ್ಖಾನೆ. ತಿಂಗಳ ಸಂಬಳ ಎಣಿಸುವವನು ಬೀಜಕ್ಕಾಗಿ ಯಾರ ಕಟ್ಟೆಗೂ ಹೋಗಬೇಕಿಲ್ಲ. ಅದಕ್ಕೇ ಶಹಾಬಾದಿನಿಂದ ಕಾರ್ಮಿಕ ಸಂಘದ ಕೆ.ಬಿ. ಶಾಣಪ್ಪನವರಂಥವರು ಕಮ್ಯುನಿಸ್ಟ್ ಪಕ್ಷದಿಂದ ವಿಧಾನಸಭೆಗೆ ಹೋಗಲಿಕ್ಕಾಯಿತು. ಆಚೆಯ ಎರೆಹೊಲದ ಹಳ್ಳಿಗಳಲ್ಲಿ ಅದು ಊಹಿಸಲಿಕ್ಕೂ ಕಷ್ಟವಿತ್ತು.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಯಾಯಿತು, ಗೇಣಿ ಪದ್ಧತಿ ನಿಂತಿತು. ಕರಾವಳಿ, ಮಲೆನಾಡಿನಲ್ಲಿ ಮಾಡಿದಷ್ಟು ಕೆಲಸ ಅದು ಇಲ್ಲಿ ಮಾಡಲಿಲ್ಲ. ಇಲ್ಲಿ ದೊಡ್ಡ ಹಿಡುವಳಿಗಳು ಗೇಣಿಗಿಂತ ಆಳು-ಕೂಲಿಗಳ ಮೇಲೆಯೇ ನಡೆಯುತ್ತಿದ್ದವು. ಕೂಲಿಯವನಿಗೆ ಭೂಮಿ ಕೇಳುವ ಏಳನೇ ನಮೂನೆ ತುಂಬುವ ಹಕ್ಕೇ ಇರಲಿಲ್ಲ. ಆದರೆ 1972ರಲ್ಲಿ ಪಕ್ಕದ ಗುರುಮಠಕಲ್ಲಿನಿಂದ ಗೆದ್ದ ಮಲ್ಲಿಕಾರ್ಜುನ ಖರ್ಗೆಯವರು 1980ರಲ್ಲಿ ಕಂದಾಯ ಮಂತ್ರಿಯಾದರು. ಮಿಲ್ ಕಾರ್ಮಿಕನ ಮಗ ಇಡೀ ರಾಜ್ಯದ ಪಹಣಿಯ ಮೇಲೆ ಕೂತದ್ದು ಸಣ್ಣ ಮಾತಲ್ಲ.

ದೊಡ್ಡ ತಿರುವು ಬಂದದ್ದು 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ. ಚಿಂಚೋಳಿ, ಚಿತ್ತಾಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದವು. ಮುಂದಿನ ವರ್ಷ ಗುಲ್ಬರ್ಗಾ ಲೋಕಸಭೆಯೂ. ಸೇಡಂ ಮಾತ್ರ ಸಾಮಾನ್ಯ ಕ್ಷೇತ್ರವಾಗಿ ಉಳಿಯಿತು. ಮೀಸಲು ಕ್ಷೇತ್ರಗಳಲ್ಲಿ ಹೊಲವಿದ್ದ ಮನೆತನಗಳಿಗೆ ಈಗ ತಾವು ನಿಲ್ಲುವ ಹಾಗಿಲ್ಲ, ನಿಲ್ಲಿಸಬಹುದು. ಇಂಗ್ಲೆಂಡಿನ ಡ್ಯೂಕ್ ಕೂಡ ಕೆಳಮನೆಗೆ ನಿಲ್ಲುವಂತಿರಲಿಲ್ಲ, ತನ್ನವರನ್ನು ಕಳಿಸುತ್ತಿದ್ದ. ಹಾಗೆಂದು ಇಲ್ಲಿ ಗೆದ್ದವರೆಲ್ಲ ಗೌಡರ ಕೈಗೊಂಬೆ ಎನ್ನುವುದು ಅನ್ಯಾಯ. ಚಿಂಚೋಳಿಯಿಂದ ಎರಡು ಸಲ ಗೆದ್ದ ಲಂಬಾಣಿ ಸಮುದಾಯದ ಉಮೇಶ ಜಾಧವರು 2019ರಲ್ಲಿ ಲೋಕಸಭೆಗೆ ನಿಂತು ಖರ್ಗೆಯವರಿಗೆ ಮೊದಲ ಸೋಲು ತೋರಿಸಿದರು. ಅವರು ಬಿಟ್ಟ ಚಿಂಚೋಳಿಯಲ್ಲಿ ಮಗ ಅವಿನಾಶ ಗೆದ್ದರು. ಚಿತ್ತಾಪುರದಲ್ಲಿ 2013ರಿಂದ ಖರ್ಗೆಯವರ ಮಗ ಪ್ರಿಯಾಂಕ್ ಖರ್ಗೆ. 2024ರಲ್ಲಿ ಲೋಕಸಭೆಗೆ ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ. ಜಮೀನಿನ ಬಲವಿಲ್ಲದೆ ಮೇಲೆ ಬಂದವರೂ ಮನೆತನವಾಗುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಹೊಲದ ಹಿಡಿತಕ್ಕಿಂತ ಮನೆತನದ ಚಟ ಗಟ್ಟಿ.

ಕೊನೆಗೊಂದು ವಿನಂತಿ. ನಮ್ಮ ಊರುಗಳ ವಾಡೆಗಳಲ್ಲಿ, ಕುಲಕರ್ಣಿಗಳ ಮನೆಯ ಟ್ರಂಕುಗಳಲ್ಲಿ ಉರ್ದು, ಮೋಡಿ ಬರಹದ ಕಾಗದಗಳು ಇನ್ನೂ ಇವೆ. ಓದಲು ಬರುವುದಿಲ್ಲವೆಂದು ಅವನ್ನು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದವರಿಗೆ ಒಮ್ಮೆ ತೋರಿಸಿ. ಮನೆಯಲ್ಲಿ 1952ರಲ್ಲಿ ಓಟು ಹಾಕಿದ ಅಜ್ಜ, ಅಜ್ಜಿ ಇದ್ದರೆ, ಅಂದು ಯಾವ ಪೆಟ್ಟಿಗೆಗೆ ಚೀಟಿ ಹಾಕಿದಿರಿ, ಯಾರು ಹೇಳಿದ್ದಕ್ಕೆ ಹಾಕಿದಿರಿ ಎಂದು ಕೇಳಿ ಬರೆದಿಡಿ.